ವಿಷದ ಸರೋವರದಲ್ಲಿ ಬ್ಯಾಕ್ಟೀರಿಯಾ ಬದುಕುವುದು ಹೇಗೆ?

2025ರ ಜುಲೈನಲ್ಲಿ ‘ಸೈನ್ಸ್’ ಪತ್ರಿಕೆ ತನ್ನ ಹಳೆಯ ಸಂಶೋಧನಾ ಲೇಖನವೊಂದನ್ನು ಹಿಂತೆಗೆದುಕೊಂಡಿತು. ಆ ಲೇಖನ ಹೊರಬಂದದ್ದು 2010ರ ಡಿಸೆಂಬರ್‌ನಲ್ಲಿ. ಆಗ ಅಮೆರಿಕದ ನಾಸಾ ಅದಕ್ಕಾಗಿ ಪತ್ರಿಕಾಗೋಷ್ಠಿಯನ್ನೇ ಕರೆದಿತ್ತು. ಕ್ಯಾಲಿಫೋರ್ನಿಯಾದ ಮೋನೊ ಸರೋವರದ ಕೆಸರಿನಲ್ಲಿ ಒಂದು ಬ್ಯಾಕ್ಟೀರಿಯಾ ಸಿಕ್ಕಿದೆ, ಅದು ಆರ್ಸೆನಿಕ್ ಎಂಬ ಕಡು ವಿಷವನ್ನು ಬಳಸಿಯೇ ಮೈ ಕಟ್ಟಿಕೊಳ್ಳುತ್ತದೆ, ತನ್ನ ಡಿಎನ್‌ಎ ಒಳಗೂ ಅದನ್ನು ಸೇರಿಸಿಕೊಳ್ಳುತ್ತದೆ ಎಂದು ಆ ಲೇಖನ ಹೇಳಿತ್ತು. ಅದು ನಿಜವಾಗಿದ್ದರೆ ಜೀವಶಾಸ್ತ್ರದ ಮೊದಲ ಪಾಠವನ್ನೇ ತಿದ್ದಿ ಬರೆಯಬೇಕಿತ್ತು.

ಲೇಖನದಲ್ಲಿ ಮೋಸ ಏನೂ ನಡೆದಿಲ್ಲ, ಆದರೆ ಅದರಲ್ಲಿರುವ ಮಾಹಿತಿ ಅದರ ತೀರ್ಮಾನಕ್ಕೆ ಆಧಾರ ಕೊಡುವುದಿಲ್ಲ ಎಂದು ಪತ್ರಿಕೆಯ ಸಂಪಾದಕರು ಹೇಳಿದರು. ಲೇಖಕರು ಇದನ್ನು ಒಪ್ಪಲಿಲ್ಲ. ಸುದ್ದಿ ಓದಿದವರಲ್ಲಿ ಬಹಳ ಜನ ‘ಹಾಗಾದರೆ ವಿಷದಲ್ಲಿ ಬದುಕುವ ಬ್ಯಾಕ್ಟೀರಿಯಾ ಎಲ್ಲಾ ಸುಳ್ಳು’ ಅಂದುಕೊಂಡಿರಬಹುದು. ಆದರೆ ಬ್ಯಾಕ್ಟೀರಿಯಾ ಸುಳ್ಳಲ್ಲ. ಇವತ್ತಿಗೂ ಅದು ಬದುಕಿದೆ. ನಾವು ಕುಡಿಯುವ ನೀರಿನಲ್ಲಿ ಇರಬಹುದಾದ ಮಿತಿಗಿಂತ ಸುಮಾರು 1,500 ಪಟ್ಟು ಜಾಸ್ತಿ ಆರ್ಸೆನಿಕ್ ಇರುವ ನೀರು ಅದರ ಮನೆ. ಹೇಗೆ ಬದುಕುತ್ತದೆ ಎಂಬ ಪ್ರಶ್ನೆಗೆ ಉತ್ತರ ಈಗ ಬೇರೆ, ಅಷ್ಟೇ. ನನ್ನ ಪ್ರಕಾರ ನಿಜವಾದ ಉತ್ತರವೇ ಜಾಸ್ತಿ ಸೊಗಸಾಗಿದೆ.

ಇದು ದೂರದ ಅಮೆರಿಕದ ವಿಷಯ ಮಾತ್ರವೂ ಅಲ್ಲ. ಪಶ್ಚಿಮ ಬಂಗಾಳದ ಕೊಳವೆ ಬಾವಿಗಳಲ್ಲಿ ಆರ್ಸೆನಿಕ್ ಇದೆ. ನಮ್ಮ ರಾಯಚೂರು, ಯಾದಗಿರಿ ಜಿಲ್ಲೆಗಳ ಕೆಲವು ಹಳ್ಳಿಗಳ ಅಂತರ್ಜಲದಲ್ಲೂ ಇದೆ. ನೆಲದಡಿಯ ಆರ್ಸೆನಿಕ್ ನೀರಿಗೆ ಬೆರೆಯಬೇಕೋ ಕಲ್ಲಿನಲ್ಲೇ ಉಳಿಯಬೇಕೋ ಎಂಬುದರಲ್ಲಿ ಇಂಥ ಬ್ಯಾಕ್ಟೀರಿಯಾಗಳ ಪಾತ್ರ ದೊಡ್ಡದು.

## ಯಾರಿಗೆ ವಿಪರೀತ?

ಬ್ಯಾಕ್ಟೀರಿಯಾ ಅಂದರೆ ಒಂದೇ ಜೀವಕೋಶದ ಜೀವಿ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದೆರಡು ಪಾಲಿನಷ್ಟು ಉದ್ದ. ಸುತ್ತ ತೆಳುವಾದ ಪೊರೆ, ಒಳಗೆ ನೀರು, ಪ್ರೋಟೀನು, ಡಿಎನ್‌ಎ. ನಮಗೆ ವಿಷ ಸೋಸಲು ಲಿವರ್ ಇದೆ, ಕಿಡ್ನಿ ಇದೆ. ಅದಕ್ಕೆ ಅಂಥದ್ದೇನೂ ಇಲ್ಲ. ಹೊರಗಿನ ಲೋಕಕ್ಕೂ ಒಳಗಿನ ಜೀವಕ್ಕೂ ನಡುವೆ ಇರುವುದು ಪೊರೆ ಮತ್ತು ಅದರಾಚೀಚೆಯ ಒಂದೆರಡು ಪದರ ಮಾತ್ರ.

ನಾವು ‘ವಿಪರೀತ’ ಎಂದು ಕರೆಯುವ ಜಾಗಗಳಲ್ಲೇ ಹಾಯಾಗಿ ಇರುವ ಜೀವಿಗಳಿಗೆ ವಿಜ್ಞಾನಿಗಳು ‘ಎಕ್ಸ್‌ಟ್ರೀಮೊಫೈಲ್’ ಎನ್ನುತ್ತಾರೆ. ಇವುಗಳಲ್ಲಿ ಒಂದರ ಋಣ ನಮ್ಮಲ್ಲಿ ಬಹಳ ಜನರ ಮೇಲಿದೆ. 1960ರ ದಶಕದಲ್ಲಿ ಅಮೆರಿಕದ ಯೆಲ್ಲೋಸ್ಟೋನ್ ಪಾರ್ಕಿನ ಬಿಸಿನೀರಿನ ಬುಗ್ಗೆಯಲ್ಲಿ ಥಾಮಸ್ ಬ್ರಾಕ್ ಮತ್ತು ಅವರ ವಿದ್ಯಾರ್ಥಿ ಹಡ್ಸನ್ ಫ್ರೀಝ್ ‘ಥರ್ಮಸ್ ಅಕ್ವಾಟಿಕಸ್’ ಎಂಬ ಬ್ಯಾಕ್ಟೀರಿಯಾ ಕಂಡುಹಿಡಿದರು. ಸುಮಾರು 70 ಡಿಗ್ರಿ ಬಿಸಿಯಲ್ಲಿ ಅದು ಚೆನ್ನಾಗಿ ಬೆಳೆಯುತ್ತದೆ. ಅಷ್ಟು ಬಿಸಿಗೂ ಕೆಡದ ಅದರ ಒಂದು ಪ್ರೋಟೀನು ಪಿಸಿಆರ್ ಪರೀಕ್ಷೆಗೆ ಬುನಾದಿಯಾಯಿತು. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿ ಮಾಡಿದ ಆರ್‌ಟಿ-ಪಿಸಿಆರ್ ಬೆಳೆದು ಬಂದದ್ದು ಇದೇ ಬುನಾದಿಯ ಮೇಲೆ.

ಇನ್ನೊಂದು ‘ಡೈನೊಕಾಕಸ್ ರೇಡಿಯೋಡ್ಯುರಾನ್ಸ್’. 1956ರಲ್ಲಿ ಅಮೆರಿಕದ ಒರೆಗನ್‌ನಲ್ಲಿ, ಡಬ್ಬಿಯ ಮಾಂಸ ಕೆಡದಿರಲಿ ಎಂದು ಗಾಮಾ ವಿಕಿರಣ ಹಾಯಿಸಿ ನೋಡುತ್ತಿದ್ದರು. ಆದರೂ ಒಂದು ಡಬ್ಬಿ ಕೆಟ್ಟಿತು. ಕೆಡಿಸಿದ್ದು ಈ ಬ್ಯಾಕ್ಟೀರಿಯಾ. ಸುಮಾರು 5 ಗ್ರೇ (ಗ್ರೇ ಅಂದರೆ ಮೈಗೆ ತಾಗಿದ ವಿಕಿರಣದ ಅಳತೆ) ವಿಕಿರಣ ಮೈಗೆಲ್ಲ ತಾಗಿದರೆ ಮನುಷ್ಯ ಉಳಿಯುವುದು ಕಷ್ಟ. ಇದು 5,000 ಗ್ರೇ ತಾಗಿದರೂ ಏನೂ ಆಗದವರ ಹಾಗೆ ಇರುತ್ತದೆ. ಅದರ ಡಿಎನ್‌ಎ ಚೂರು ಚೂರಾಗುತ್ತದೆ, ಆದರೆ ಕೆಲವೇ ಗಂಟೆಗಳಲ್ಲಿ ಚೂರುಗಳನ್ನು ಸರಿಯಾಗಿ ಜೋಡಿಸಿಕೊಂಡುಬಿಡುತ್ತದೆ. ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಇದಕ್ಕೆ ಬೇರೆ ಬ್ಯಾಕ್ಟೀರಿಯಾದ ಒಂದು ಜೀನ್ ಸೇರಿಸಿ, ನೀರಿನಲ್ಲಿ ಕರಗಿದ ಯುರೇನಿಯಂ ಗಟ್ಟಿಯಾಗಿ ಕೆಳಗಿಳಿಯುವಂತೆ ಮಾಡಿ ತೋರಿಸಿದ್ದಾರೆ.

ಬಿಸಿಗೆ ಉತ್ತರ ಗಟ್ಟಿ ಪ್ರೋಟೀನು. ವಿಕಿರಣಕ್ಕೆ ಉತ್ತರ ಚುರುಕು ರಿಪೇರಿ. ವಿಷದ ಕಥೆ ಬೇರೆ. ಬಿಸಿಯನ್ನಾಗಲಿ ವಿಕಿರಣವನ್ನಾಗಲಿ ಪೊರೆ ತಡೆಯಲಾರದು. ಆದರೆ ಆರ್ಸೆನಿಕ್‌ನಂಥ ವಿಷ ಕೊಲ್ಲಬೇಕಾದರೆ ಬಾಗಿಲು ದಾಟಿ ಒಳಗೆ ಬರಬೇಕು. ಹಾಗಾಗಿ ಇಲ್ಲಿ ಎಲ್ಲವೂ ನಿಂತಿರುವುದು ಯಾರನ್ನು ಒಳಗೆ ಬಿಡಬೇಕು ಎಂಬುದರ ಮೇಲೆ.

## ಮೋನೊ ಸರೋವರದ ನೀರು

ಮೋನೊ ಸರೋವರಕ್ಕೆ ಹೊಳೆಗಳು ಬಂದು ಸೇರುತ್ತವೆ, ಹೊರಗೆ ಹರಿದು ಹೋಗುವ ದಾರಿ ಇಲ್ಲ. ನೀರು ಆವಿಯಾಗಿ ಹೋಗುತ್ತದೆ, ಅದು ಹೊತ್ತು ತಂದ ಉಪ್ಪು, ಸೋಡಾ, ಆರ್ಸೆನಿಕ್ ಎಲ್ಲ ಅಲ್ಲೇ ಉಳಿಯುತ್ತವೆ. ಸಾವಿರಾರು ವರ್ಷಗಳಿಂದ ಹೀಗೇ ನಡೆದಿದೆ. ಸುತ್ತ ಜ್ವಾಲಾಮುಖಿಯ ಕಲ್ಲು, ಬಿಸಿನೀರಿನ ಬುಗ್ಗೆ ಇರುವುದರಿಂದ ಆರ್ಸೆನಿಕ್ ಧಾರಾಳವಾಗಿ ಬರುತ್ತದೆ. ಸಾಲದ್ದಕ್ಕೆ 1941ರಿಂದ ಲಾಸ್ ಏಂಜಲೀಸ್ ನಗರ ತನ್ನ ಕುಡಿಯುವ ನೀರಿಗಾಗಿ ಆ ಹೊಳೆಗಳನ್ನು ತಿರುಗಿಸಿಕೊಂಡಿತು. ಸರೋವರ ಇಳಿಯಿತು, ಉಳಿದ ನೀರು ಇನ್ನಷ್ಟು ಉಪ್ಪಾಯಿತು.

ಈಗ ಅಲ್ಲಿನ ನೀರು ಸಮುದ್ರದ ನೀರಿಗಿಂತ ಎರಡು ಪಟ್ಟಿಗೂ ಹೆಚ್ಚು ಉಪ್ಪು. ಪಿಎಚ್ ಸುಮಾರು 10, ಅಂದರೆ ಕೈಗೆ ಸೋಪಿನ ನೀರಿನ ಹಾಗೆ ಜಾರುತ್ತದೆ. ಒಂದು ಲೀಟರಿನಲ್ಲಿ ಸುಮಾರು 15 ಮಿಲಿಗ್ರಾಂ ಆರ್ಸೆನಿಕ್. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಮೀನುಗಳು ಅಲ್ಲಿ ಬದುಕುವುದಿಲ್ಲ. ಆದರೆ ಪಾಚಿ ಇದೆ, ಕೋಟಿಗಟ್ಟಲೆ ಪುಟ್ಟ ಸೀಗಡಿಗಳಿವೆ, ದಡದ ತುಂಬ ನೊಣಗಳಿವೆ, ಅವನ್ನು ತಿನ್ನಲು ಬರುವ ವಲಸೆ ಹಕ್ಕಿಗಳಿವೆ. ಇವೆಲ್ಲದರ ಅಡಿಪಾಯದಲ್ಲಿ ಬ್ಯಾಕ್ಟೀರಿಯಾಗಳಿವೆ. ನಮ್ಮ ಕಥೆಯ ಬ್ಯಾಕ್ಟೀರಿಯಾಕ್ಕೆ ಇಟ್ಟ ಹೆಸರು ಜಿಎಫ್‌ಎಜೆ-1.

## ಆರ್ಸೆನಿಕ್ ಕೊಲ್ಲುವುದು ಹೇಗೆ?

ಹಿಂದಿನವರು ಪಾಷಾಣ ಎನ್ನುತ್ತಿದ್ದ ವಿಷದ ಮೂಲ ಆರ್ಸೆನಿಕ್. ಅದು ಯಾಕೆ ಇಷ್ಟು ಕೆಟ್ಟದ್ದು ಎಂದು ತಿಳಿಯಲು ಮೊದಲು ಫಾಸ್ಫೇಟ್ ಬಗ್ಗೆ ತಿಳಿಯಬೇಕು.

ಫಾಸ್ಫೇಟ್ ರೈತರಿಗೆ ಹೊಸದಲ್ಲ. ಡಿಎಪಿ ಗೊಬ್ಬರದಲ್ಲಿ ಇರುವುದು ಅದೇ. ರಂಜಕ ಮತ್ತು ಆಮ್ಲಜನಕ ಸೇರಿ ಆದ ಈ ಪುಟ್ಟ ಕಣ ಇಲ್ಲದೆ ಯಾವ ಜೀವವೂ ಇಲ್ಲ. ಡಿಎನ್‌ಎಯ ಉದ್ದನೆಯ ಎಳೆಯನ್ನು ಹಿಡಿದು ನಿಲ್ಲಿಸಿರುವ ಬೆಸುಗೆಯೇ ಫಾಸ್ಫೇಟ್. ಜೀವಕೋಶ ಶಕ್ತಿಯನ್ನು ಕೂಡಿಟ್ಟು ಖರ್ಚು ಮಾಡುವುದು ಎಟಿಪಿ ಎಂಬ ಅಣುವಿನ ಮೂಲಕ. ಅದರಲ್ಲೂ ಫಾಸ್ಫೇಟ್ ಇದೆ.

ಶಾಲೆಯಲ್ಲಿ ನೋಡಿದ ಆವರ್ತ ಕೋಷ್ಟಕ ನೆನಪಿದೆ ಅಲ್ವಾ? ಅದರಲ್ಲಿ ರಂಜಕದ ಸರಿಯಾಗಿ ಕೆಳಗಿನ ಮನೆ ಆರ್ಸೆನಿಕ್‌ನದು. ಒಂದೇ ಕಂಬಸಾಲಿನವು ರಾಸಾಯನಿಕವಾಗಿ ಒಂದೇ ಥರ ನಡೆದುಕೊಳ್ಳುತ್ತವೆ. ರಂಜಕದಿಂದ ಫಾಸ್ಫೇಟ್ ಆದ ಹಾಗೆಯೇ ಆರ್ಸೆನಿಕ್‌ನಿಂದ ಆರ್ಸೆನೇಟ್ ಆಗುತ್ತದೆ. ಎರಡರದ್ದೂ ಒಂದೇ ಆಕಾರ, ಒಂದೇ ವಿದ್ಯುದಂಶ. ಗಾತ್ರದಲ್ಲಿ ಕೂದಲೆಳೆಯ ವ್ಯತ್ಯಾಸ. ಜೀವಕೋಶ ಫಾಸ್ಫೇಟ್ ಎಂದುಕೊಂಡು ಆರ್ಸೆನೇಟನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಫಾಸ್ಫೇಟ್ ಕೂರಬೇಕಾದ ಜಾಗದಲ್ಲಿ ಅದನ್ನು ಕೂರಿಸುತ್ತದೆ. ಅನಾಹುತ ಶುರುವಾಗುವುದು ಅಲ್ಲಿಂದ.

ಆರ್ಸೆನೇಟ್ ಕಟ್ಟುವ ಬೆಸುಗೆ ನೀರಿನಲ್ಲಿ ನಿಲ್ಲುವುದಿಲ್ಲ. ಎಷ್ಟು ಬೇಗ ಬಿಡುತ್ತದೆ ಎಂದು 2011ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞರು ಲೆಕ್ಕ ಹಾಕಿದರು. ಮಾಮೂಲಿ ಡಿಎನ್‌ಎಯ ಒಂದು ಫಾಸ್ಫೇಟ್ ಬೆಸುಗೆ ನೀರಿನಲ್ಲಿ ತಾನಾಗಿ ಬಿಡಲು ಸುಮಾರು ಮೂರು ಕೋಟಿ ವರ್ಷ ಬೇಕು. ಅದೇ ಜಾಗದಲ್ಲಿ ಆರ್ಸೆನೇಟ್ ಇದ್ದರೆ ಒಂದು ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಡ. ನಾಸಾ ಪತ್ರಿಕಾಗೋಷ್ಠಿ ನಡೆದ ದಿನದಿಂದಲೇ ರಸಾಯನಶಾಸ್ತ್ರಜ್ಞರು ತಲೆ ಅಲ್ಲಾಡಿಸಿದ್ದು ಇದೇ ಕಾರಣಕ್ಕೆ. ಮುಟ್ಟಿದರೆ ಉದುರುವ ಬೆಸುಗೆಯಿಂದ ಡಿಎನ್‌ಎ ಕಟ್ಟುವುದು ಹೇಗೆ?

ಆರ್ಸೆನಿಕ್‌ಗೆ ಇನ್ನೊಂದು ರೂಪವೂ ಇದೆ: ಆರ್ಸೆನೈಟ್. ಆಮ್ಲಜನಕ ಇಲ್ಲದ ಕಡೆ, ಅಂದರೆ ಕೆಸರಿನ ಆಳದಲ್ಲಿ, ನೆಲದಡಿಯ ನೀರಿನಲ್ಲಿ ಇದು ಜಾಸ್ತಿ. ಇದು ಫಾಸ್ಫೇಟ್‌ನಂತೆ ವೇಷ ಹಾಕುವುದಿಲ್ಲ. ಪ್ರೋಟೀನುಗಳಲ್ಲಿರುವ ಗಂಧಕದ ಕೊಂಡಿಗಳಿಗೆ ಗಟ್ಟಿಯಾಗಿ ಅಂಟಿಕೊಂಡು ಅವು ಕೆಲಸ ಮಾಡದಂತೆ ಮಾಡುತ್ತದೆ. ಎರಡರಲ್ಲಿ ಆರ್ಸೆನೈಟೇ ಹೆಚ್ಚು ವಿಷ. ಈ ಎರಡು ಹೆಸರುಗಳನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

## ಅಕ್ಕಿ ಯಾವುದು, ಕಲ್ಲು ಯಾವುದು?

ಹಿಂದೆಲ್ಲ ಮನೆಯಲ್ಲಿ ಮೊರದ ತುಂಬ ಅಕ್ಕಿ ಹರವಿಕೊಂಡು ಕಲ್ಲು ಆರಿಸುತ್ತಿದ್ದರು. ಕರಿ ಕಲ್ಲು ಥಟ್ಟನೆ ಕಾಣುತ್ತದೆ. ಕಷ್ಟ ಇರುವುದು ಬಿಳಿ ಕಲ್ಲಿನಲ್ಲಿ. ಅಕ್ಕಿಯದೇ ಬಣ್ಣ, ಅಕ್ಕಿಯದೇ ಗಾತ್ರ. ಪಳಗಿದ ಕೈ ಮಾತ್ರ ಅದನ್ನು ಹಿಡಿಯುತ್ತದೆ. ಮೋನೊ ಸರೋವರದ ಬ್ಯಾಕ್ಟೀರಿಯಾಕ್ಕೆ ಫಾಸ್ಫೇಟ್ ಅಕ್ಕಿ, ಆರ್ಸೆನೇಟ್ ಬಿಳಿ ಕಲ್ಲು.

ಆರಿಸುವ ಕೈ ಯಾವುದು ಎಂದು 2012ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಡಾನ್ ತೌಫಿಕ್ ಅವರ ತಂಡ ಹತ್ತಿರದಿಂದ ನೋಡಿತು. ಬ್ಯಾಕ್ಟೀರಿಯಾದ ಪೊರೆಯ ಹೊರಬದಿಯಲ್ಲಿ ಫಾಸ್ಫೇಟನ್ನು ಹಿಡಿದು ಒಳಗೆ ದಾಟಿಸಲೆಂದೇ ಇರುವ ಒಂದು ಪ್ರೋಟೀನು ಇದೆ. ಅದರಲ್ಲೊಂದು ಸಣ್ಣ ಗೂಡು. ಫಾಸ್ಫೇಟ್ ಅದರೊಳಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ, ಸುತ್ತಲಿಂದ ಹಲವು ಹೈಡ್ರೋಜನ್ ಬಂಧಗಳು ಅದನ್ನು ಹಿಡಿದುಕೊಳ್ಳುತ್ತವೆ. ಆರ್ಸೆನೇಟ್ ಕೂಡ ಆ ಗೂಡಿನೊಳಗೆ ನುಗ್ಗಬಲ್ಲದು. ಆದರೆ ಕೂದಲೆಳೆಯಷ್ಟು ದೊಡ್ಡದಾದ್ದರಿಂದ ಒಂದೇ ಒಂದು ಬಂಧದ ಕೋನ ಓರೆಯಾಗುತ್ತದೆ. ಆ ಓರೆಯಿಂದಾಗಿ ಹಿಡಿತ ಸಡಿಲ. ಕೂತದ್ದು ಜಾರಿ ಹೋಗುತ್ತದೆ.

ಇದು ಸಾಮಾನ್ಯ ಬ್ಯಾಕ್ಟೀರಿಯಾಗಳಲ್ಲೂ ಇದೆ. ನೀರಿನಲ್ಲಿ ಫಾಸ್ಫೇಟ್‌ಗಿಂತ ಆರ್ಸೆನೇಟ್ 500 ಪಟ್ಟು ಜಾಸ್ತಿ ಇದ್ದರೂ ಅವುಗಳ ಪ್ರೋಟೀನು ಫಾಸ್ಫೇಟನ್ನೇ ಆರಿಸುತ್ತದೆ. ಜಿಎಫ್‌ಎಜೆ-1ರಲ್ಲಿ ಈ ಅಂಕಿ ಸುಮಾರು 4,500. ಅಂದರೆ ಮೊರದಲ್ಲಿ 4,500 ಕಲ್ಲು, ಒಂದೇ ಒಂದು ಅಕ್ಕಿ ಕಾಳು. ಕೈ ಹೋಗಿ ಆ ಕಾಳನ್ನೇ ಎತ್ತುತ್ತದೆ. ಆರ್ಸೆನಿಕ್ ತಿಂದು ಬದುಕುವ ಜೀವಿ ಎಂದು ಲೋಕಕ್ಕೆ ಪರಿಚಯವಾದ ಬ್ಯಾಕ್ಟೀರಿಯಾ, ನಿಜದಲ್ಲಿ ಆರ್ಸೆನಿಕ್ ಮುಟ್ಟದಿರುವುದರಲ್ಲಿ ನಿಸ್ಸೀಮ!

## ಒಳಗೆ ಬಂದುಬಿಟ್ಟರೆ?

ಎಷ್ಟು ಪಳಗಿದ ಕೈಯಾದರೂ ಒಂದೆರಡು ಕಲ್ಲು ತಪ್ಪಿ ಹೋಗುತ್ತವೆ. ಅದಕ್ಕೆ ಎರಡನೆಯ ವ್ಯವಸ್ಥೆ ಇದೆ. ಜೀವಕೋಶದೊಳಗೆ ಆರ್ಸೆನಿಕ್ ಪತ್ತೆ ಮಾಡುವ ಒಂದು ಕಾವಲು ಪ್ರೋಟೀನು ಸದಾ ಡಿಎನ್‌ಎ ಮೇಲೆ ಕೂತಿರುತ್ತದೆ. ಅದು ಕೂತಿರುವಷ್ಟು ಹೊತ್ತು ಪಕ್ಕದ ಜೀನ್‌ಗಳು ಸುಮ್ನೆ ಇರುತ್ತವೆ. ಆರ್ಸೆನೈಟ್ ಬಂದು ತಾಗಿದರೆ ಕಾವಲುಗಾರ ಜಾಗ ಬಿಟ್ಟು ಏಳುತ್ತಾನೆ. ಆಗ ಆ ಜೀನ್‌ಗಳು ಕೆಲಸ ಶುರು ಮಾಡಿ ಪಂಪುಗಳನ್ನು ತಯಾರಿಸುತ್ತವೆ. ಪಂಪುಗಳು ಪೊರೆಯಲ್ಲಿ ನಿಂತು ಆರ್ಸೆನೈಟನ್ನು ಹೊರಗೆ ದೂಡುತ್ತವೆ.

ಇಲ್ಲೊಂದು ವಿಚಿತ್ರ ಇದೆ. ಈ ಪಂಪಿಗೆ ಆರ್ಸೆನೇಟ್ ಒಗ್ಗುವುದಿಲ್ಲ, ಆರ್ಸೆನೈಟ್ ಮಾತ್ರ ಒಗ್ಗುತ್ತದೆ. ಹಾಗಾಗಿ ಬ್ಯಾಕ್ಟೀರಿಯಾ ಒಳಗೆ ಬಂದ ಆರ್ಸೆನೇಟನ್ನು ಮೊದಲು ಆರ್ಸೆನೈಟ್ ಮಾಡುತ್ತದೆ, ಆಮೇಲೆ ಹೊರಗೆ ಹಾಕುತ್ತದೆ. ಅಂದರೆ ಕಡಿಮೆ ವಿಷವನ್ನು ಹೆಚ್ಚು ವಿಷ ಮಾಡಿ ಎಸೆಯುತ್ತದೆ. ಯಾಕೆ ಹೀಗೆ? ಭೂಮಿಯ ಗಾಳಿಯಲ್ಲಿ ಆಮ್ಲಜನಕ ಸೇರತೊಡಗಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಅದಕ್ಕೂ ಮೊದಲು ನೀರಿನಲ್ಲಿ ಹೆಚ್ಚಾಗಿ ಇದ್ದದ್ದು ಆರ್ಸೆನೈಟೇ, ಪಂಪು ಹುಟ್ಟಿದ್ದೂ ಅದಕ್ಕಾಗಿಯೇ. ಆಮ್ಲಜನಕ ಬಂದ ಮೇಲೆ ಆರ್ಸೆನೇಟ್ ಹೆಚ್ಚಾಯಿತು, ಆಗ ಬ್ಯಾಕ್ಟೀರಿಯಾ ಹೊಸ ಪಂಪಿನ ಬದಲು ರೂಪ ಬದಲಿಸುವ ಒಂದು ಹೊಸ ಹೆಜ್ಜೆ ಸೇರಿಸಿಕೊಂಡಿತು. ವಿಜ್ಞಾನಿಗಳು ಕೊಡುವ ವಿವರಣೆ ಇದು.

ಇಂಥ ಪಂಪಿನ ಜೀನ್‌ಗಳು ಮೋನೊ ಸರೋವರಕ್ಕಷ್ಟೇ ಸೀಮಿತ ಅಲ್ಲ. ನಮ್ಮ ಕರುಳಿನಲ್ಲಿರುವ ಇ. ಕೊಲೈ ಬ್ಯಾಕ್ಟೀರಿಯಾದಲ್ಲೂ ಇವೆ. ಕೆಲವು ಬ್ಯಾಕ್ಟೀರಿಯಾಗಳಲ್ಲಿ ಇವು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದ ಮೇಲೆ ಕೂತು ಒಂದರಿಂದ ಇನ್ನೊಂದಕ್ಕೆ ದಾಟುತ್ತವೆ. ಚಿಂತೆಯ ವಿಷಯ ಏನೆಂದರೆ, ಆಂಟಿಬಯಾಟಿಕ್‌ಗೆ ಬಗ್ಗದಂತೆ ಮಾಡುವ ಜೀನ್‌ಗಳೂ ಅದೇ ಉಂಗುರದ ಮೇಲೆ ಇರುವುದುಂಟು. ಹಾಗಾಗಿ ಭಾರ ಲೋಹಗಳಿಂದ ಹಾಳಾದ ನೀರಿನಲ್ಲಿ, ಯಾರೂ ಔಷಧಿ ಹಾಕದೆಯೇ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಹೆಚ್ಚಬಹುದು.

## 2010ರ ಪ್ರಯೋಗದಲ್ಲಿ ಆದದ್ದೇನು?

ಸಂಶೋಧಕರು ಸರೋವರದ ಕೆಸರನ್ನು ಫಾಸ್ಫೇಟ್ ಹಾಕದ ದ್ರಾವಣದಲ್ಲಿಟ್ಟು, ಆರ್ಸೆನೇಟ್ ಹೆಚ್ಚಿಸುತ್ತಾ ಹೋದರು. ಆದರೂ ಜಿಎಫ್‌ಎಜೆ-1 ಬೆಳೆಯಿತು. ಫಾಸ್ಫೇಟ್ ಇಲ್ಲದೆ ಬೆಳೆದಿದೆ ಅಂದಮೇಲೆ ಆರ್ಸೆನೇಟನ್ನೇ ಬಳಸಿರಬೇಕು ಎಂಬುದು ಅವರ ತರ್ಕ.

ಆದರೆ ದ್ರಾವಣಕ್ಕೆ ಹಾಕಿದ ಉಪ್ಪುಗಳಲ್ಲಿ ಫಾಸ್ಫೇಟ್ ಅತಿ ಸಣ್ಣ ಪ್ರಮಾಣದಲ್ಲಿ ಬೆರಕೆಯಾಗಿ ಇತ್ತು. ಲೇಖನದಲ್ಲೇ ಆ ಅಳತೆ ಇತ್ತು. ಅಷ್ಟು ಸಾಲದು ಎಂದು ಲೇಖಕರು ನಂಬಿದ್ದರು. 2012ರಲ್ಲಿ ಕೆನಡಾದ ರೋಸಿ ರೆಡ್‌ಫೀಲ್ಡ್ ಮತ್ತು ಜೊತೆಗಾರರು ಅದೇ ಬ್ಯಾಕ್ಟೀರಿಯಾವನ್ನು ಬೆಳೆಸಿ, ಅದರ ಡಿಎನ್‌ಎಯನ್ನು ಚೆನ್ನಾಗಿ ತೊಳೆದು ಶುದ್ಧ ಮಾಡಿ ಪರೀಕ್ಷಿಸಿದರು. ಡಿಎನ್‌ಎಗೆ ಬೆಸೆದುಕೊಂಡ ಆರ್ಸೆನಿಕ್ ಸಿಗಲಿಲ್ಲ. ಸ್ವಿಟ್ಜರ್‌ಲ್ಯಾಂಡಿನ ಇನ್ನೊಂದು ತಂಡ ಫಾಸ್ಫೇಟ್ ತೀರಾ ಕಡಿಮೆ ಮಾಡಿದಾಗ ಬ್ಯಾಕ್ಟೀರಿಯಾ ಬೆಳೆಯಲೇ ಇಲ್ಲ ಎಂದು ತೋರಿಸಿತು.

ಅದೇ ವರ್ಷ ಬಂದ ಇನ್ನೊಂದು ಅಧ್ಯಯನ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಅಮೆರಿಕದ ಸಂಶೋಧಕರು ಮಾಮೂಲಿ ಇ. ಕೊಲೈಯನ್ನು ಫಾಸ್ಫೇಟ್ ಕಡಿಮೆ ಇರುವ ದ್ರಾವಣದಲ್ಲಿಟ್ಟು ಆರ್ಸೆನೇಟ್ ಹಾಕಿದರು. ಅದು ತನ್ನದೇ ರೈಬೋಸೋಮ್‌ಗಳನ್ನು, ಅಂದರೆ ಪ್ರೋಟೀನು ತಯಾರಿಸುವ ತನ್ನ ಯಂತ್ರಗಳನ್ನು, ಒಡೆದು ಹಾಕತೊಡಗಿತು. ಅವುಗಳಲ್ಲಿ ಫಾಸ್ಫೇಟ್ ತುಂಬಿರುತ್ತದೆ. ಆ ಫಾಸ್ಫೇಟ್ ಹಿಡಿದುಕೊಂಡು, ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ನಿಧಾನವಾಗಿ ಬೆಳೆಯಿತು. ಹೊರಗಿನಿಂದ ನೋಡಿದವರಿಗೆ ಫಾಸ್ಫೇಟ್ ಇಲ್ಲದೆ ಆರ್ಸೆನಿಕ್‌ನಲ್ಲೇ ಬೆಳೆದ ಹಾಗೆ ಕಾಣುತ್ತದೆ. ಒಳಗೆ ಅದು ಹಸಿವಿನಲ್ಲಿ ಮನೆಯ ಸಾಮಾನನ್ನೇ ಕರಗಿಸಿಕೊಂಡಿತ್ತು.

## ಆರ್ಸೆನಿಕ್‌ನಿಂದ ಉಸಿರಾಡುವ ಬ್ಯಾಕ್ಟೀರಿಯಾ

ಹಾಗಂತ ಆರ್ಸೆನಿಕ್ ಯಾವ ಜೀವಿಗೂ ಉಪಯೋಗಕ್ಕೆ ಬರುವುದಿಲ್ಲ ಎಂದುಕೊಂಡರೆ ತಪ್ಪಾಗುತ್ತದೆ. ಕಟ್ಟಡದ ಇಟ್ಟಿಗೆಯಾಗಿ ಅದು ಬೇಡ. ಆದರೆ ಉಸಿರಾಟಕ್ಕೆ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ನಿಜವಾಗಿಯೂ ಬಳಸುತ್ತವೆ.

ನಾವು ಉಸಿರಾಡುವುದು ಯಾಕೆ? ಊಟದಿಂದ ಶಕ್ತಿ ತೆಗೆಯುವಾಗ ಎಲೆಕ್ಟ್ರಾನ್‌ಗಳು ಹೊರಬರುತ್ತವೆ. ಕೊನೆಯಲ್ಲಿ ಅವನ್ನು ಯಾರಿಗಾದರೂ ದಾಟಿಸಲೇಬೇಕು, ಇಲ್ಲದಿದ್ದರೆ ಎಲ್ಲ ನಿಂತುಹೋಗುತ್ತದೆ. ನಾವು ಆಮ್ಲಜನಕಕ್ಕೆ ದಾಟಿಸುತ್ತೇವೆ. ಆಮ್ಲಜನಕ ಇಲ್ಲದ ಕೆಸರಿನಲ್ಲಿರುವ ಬ್ಯಾಕ್ಟೀರಿಯಾಗಳು ಸಿಕ್ಕಿದ್ದಕ್ಕೆ ದಾಟಿಸುತ್ತವೆ: ನೈಟ್ರೇಟ್, ತುಕ್ಕು ಹಿಡಿದ ಕಬ್ಬಿಣ, ಗಂಧಕದ ಸಂಯುಕ್ತ, ಕೆಲವು ಕಡೆ ಆರ್ಸೆನೇಟ್. 1994ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ, ಕಾರ್ಖಾನೆಗಳಿಂದ ಕೆಟ್ಟುಹೋದ ಅಬರ್ಜೋನಾ ಹೊಳೆಯ ಕೆಸರಿನಲ್ಲಿ ಇಂಥ ಬ್ಯಾಕ್ಟೀರಿಯಾ ಸಿಕ್ಕಿತು. ಆಮೇಲೆ ಮೋನೊ ಸರೋವರದ ಆಳದಲ್ಲೂ ಸಿಕ್ಕವು. 2008ರಲ್ಲಿ ಅದೇ ಸರೋವರದ ನಡುವಿನ ಪಾವೋಹಾ ದ್ವೀಪದ ಬಿಸಿನೀರಿನ ಹೊಂಡಗಳಲ್ಲಿ, ಬಿಸಿಲಿನ ಶಕ್ತಿಯಿಂದ ಆರ್ಸೆನೈಟನ್ನು ಆರ್ಸೆನೇಟ್ ಮಾಡಿ ಬದುಕುವ ಬ್ಯಾಕ್ಟೀರಿಯಾಗಳ ಪದರವೂ ಕಂಡಿತು. ಒಂದು ಗುಂಪು ಆರ್ಸೆನೈಟ್ ಮಾಡಿದ್ದನ್ನು ಇನ್ನೊಂದು ಗುಂಪು ಮತ್ತೆ ಆರ್ಸೆನೇಟ್ ಮಾಡುತ್ತದೆ, ಆರ್ಸೆನಿಕ್ ಸುತ್ತುತ್ತಲೇ ಇರುತ್ತದೆ.

## ಬಂಗಾಳದ ಕೊಳವೆ ಬಾವಿಗಳು

ಈ ಸುತ್ತಾಟ ಸರೋವರದಲ್ಲಿ ನಡೆದರೆ ಕುತೂಹಲದ ವಿಷಯ. ನಾವು ಕುಡಿಯುವ ನೀರಿನಲ್ಲಿ ನಡೆದರೆ ಜನರ ಪ್ರಾಣದ ವಿಷಯ.

1970ರ ದಶಕದಿಂದ ಬಾಂಗ್ಲಾದೇಶದಲ್ಲೂ ಪಶ್ಚಿಮ ಬಂಗಾಳದಲ್ಲೂ ಲಕ್ಷಗಟ್ಟಲೆ ಕೊಳವೆ ಬಾವಿಗಳನ್ನು ತೋಡಿದರು. ಉದ್ದೇಶ ಒಳ್ಳೆಯದೇ. ಕೆರೆ ನೀರು ಕುಡಿದು ಮಕ್ಕಳು ವಾಂತಿಭೇದಿಯಿಂದ ಸಾಯುತ್ತಿದ್ದರು. 1983ರಲ್ಲಿ ಕೋಲ್ಕತ್ತದ ಚರ್ಮ ವೈದ್ಯ ಕೆ. ಸಿ. ಸಾಹಾ ಅವರು ತಮ್ಮಲ್ಲಿಗೆ ಬಂದ ಹಳ್ಳಿಯವರ ಮೈಮೇಲಿನ ಚುಕ್ಕೆಗಳನ್ನು, ಗಂಟುಗಟ್ಟಿದ ಅಂಗೈ ಅಂಗಾಲುಗಳನ್ನು ನೋಡಿ ಇದು ಆರ್ಸೆನಿಕ್ ಎಂದು ಗುರುತಿಸಿದರು. ವರ್ಷಗಟ್ಟಲೆ ಕುಡಿದರೆ ಚರ್ಮ, ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರ್ ಬರಬಹುದು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂದ ಅಂದಾಜಿನ ಪ್ರಕಾರ, ಬಾಂಗ್ಲಾದೇಶದ ಆಗಿನ 12.5 ಕೋಟಿ ಜನರಲ್ಲಿ ಮೂರೂವರೆ ಕೋಟಿಯಿಂದ 7.7 ಕೋಟಿ ಜನ ಅಪಾಯದಲ್ಲಿದ್ದರು.

ಅಲ್ಲಿ ಆರ್ಸೆನಿಕ್ ಸುರಿದ ಕಾರ್ಖಾನೆ ಯಾವುದೂ ಇಲ್ಲ. ಹಿಮಾಲಯದಿಂದ ನದಿಗಳು ತಂದು ಹಾಕಿದ ಮೆಕ್ಕಲು ಮಣ್ಣಿನಲ್ಲೇ ಅದು ಸ್ವಲ್ಪ ಸ್ವಲ್ಪ ಇದೆ. ಮರಳಿನ ಕಣಗಳ ಮೇಲಿರುವ ತುಕ್ಕಿನ ಪದರ ಅದನ್ನು ಹಿಡಿದುಕೊಂಡಿರುತ್ತದೆ. ಹಾಗೇ ಇದ್ದರೆ ತೊಂದರೆ ಇಲ್ಲ. ಆದರೆ ಆ ಮಣ್ಣಿನಲ್ಲಿ ಕೊಳೆತ ಸೊಪ್ಪುಸದೆಯೂ ಹೂತಿದೆ. ಅದನ್ನು ತಿನ್ನುವ ಬ್ಯಾಕ್ಟೀರಿಯಾಗಳಿಗೆ ಆ ಆಳದಲ್ಲಿ ಆಮ್ಲಜನಕ ಸಿಗುವುದಿಲ್ಲ. ಅವು ತುಕ್ಕಿನ ಕಬ್ಬಿಣಕ್ಕೆ ಎಲೆಕ್ಟ್ರಾನ್ ದಾಟಿಸುತ್ತವೆ. ಆಗ ತುಕ್ಕು ಕರಗುತ್ತದೆ, ಹಿಡಿದಿದ್ದ ಆರ್ಸೆನಿಕ್ ಕೈಬಿಡುತ್ತದೆ, ಆರ್ಸೆನೈಟ್ ಆಗಿ ನೀರಿಗೆ ಬರುತ್ತದೆ. 2004ರಲ್ಲಿ ಬ್ರಿಟನ್ನಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದವರಿದ್ದ ಒಂದು ತಂಡ ಪಶ್ಚಿಮ ಬಂಗಾಳದ ಮಣ್ಣನ್ನೇ ತಂದು, ಬಾಟಲಿಯೊಳಗೆ ಇದು ಬ್ಯಾಕ್ಟೀರಿಯಾಗಳಿಂದ ನಡೆಯುವುದನ್ನು ತೋರಿಸಿತು.

## ಚಿನ್ನದ ಕಲ್ಲಿನೊಳಗೆ

ಕರ್ನಾಟಕದಲ್ಲಿ ಕಥೆ ಬೇರೆ ರೀತಿ. ರಾಯಚೂರಿನ ಹಟ್ಟಿ ಸುತ್ತಮುತ್ತ ಚಿನ್ನ ಇರುವ ಕಲ್ಲಿನಲ್ಲಿ ಆರ್ಸೆನೋಪೈರೈಟ್ ಎಂಬ ಖನಿಜವೂ ಇದೆ. ಅದರಲ್ಲಿ ಕಬ್ಬಿಣ, ಆರ್ಸೆನಿಕ್, ಗಂಧಕ ಮೂರೂ ಸೇರಿವೆ. ಗಾಳಿ, ನೀರು ತಾಗಿದಾಗ ಅದು ನಿಧಾನವಾಗಿ ಒಡೆದು ಆರ್ಸೆನಿಕ್ ಬಿಡುತ್ತದೆ. ಈ ಕೆಲಸವನ್ನು ಬಹಳ ಚುರುಕು ಮಾಡುವ ಬ್ಯಾಕ್ಟೀರಿಯಾಗಳಿವೆ. ಅದರಲ್ಲಿ ಹೆಸರಾದದ್ದು ‘ಆಸಿಡಿಥಯೋಬ್ಯಾಸಿಲಸ್ ಫೆರೋಆಕ್ಸಿಡಾನ್ಸ್’. ಕಬ್ಬಿಣ, ಗಂಧಕವೇ ಅದರ ಆಹಾರ. ಕೂತ ಜಾಗವನ್ನೇ ಗಂಧಕಾಮ್ಲ ಮಾಡಿಕೊಂಡು, ಕರಗಿದ ಆರ್ಸೆನಿಕ್ ನಡುವೆಯೇ ಬದುಕುತ್ತದೆ.

ಇದನ್ನೇ ಕೆಲಸಕ್ಕೆ ಹಚ್ಚಬಹುದು. ಕೆಲವು ಅದಿರಿನಲ್ಲಿ ಚಿನ್ನ ಎಷ್ಟು ಸಣ್ಣ ಕಣಗಳಾಗಿ ಆರ್ಸೆನೋಪೈರೈಟ್ ಒಳಗೆ ಸಿಕ್ಕಿಕೊಂಡಿರುತ್ತದೆ ಎಂದರೆ, ಪುಡಿ ಮಾಡಿದರೂ ಚಿನ್ನ ಕರಗಿಸುವ ಸಯನೈಡ್ ಅಲ್ಲಿಗೆ ಮುಟ್ಟುವುದಿಲ್ಲ. ಹಿಂದೆ ಇಂಥ ಅದಿರನ್ನು ಹುರಿಯುತ್ತಿದ್ದರು. ಹುರಿದಾಗ ಆರ್ಸೆನಿಕ್ ಹೊಗೆಯಾಗಿ ಏಳುತ್ತದೆ. ಕೆನಡಾದ ಯೆಲ್ಲೋನೈಫ್ ಬಳಿಯ ಜೈಂಟ್ ಚಿನ್ನದ ಗಣಿಯಲ್ಲಿ ಹೀಗೆ ಹುರಿದು ಉಳಿದ 2,37,000 ಟನ್ ಆರ್ಸೆನಿಕ್ ಟ್ರೈಆಕ್ಸೈಡ್ ಪುಡಿ ಇವತ್ತಿಗೂ ನೆಲದಡಿಯ ಕೋಣೆಗಳಲ್ಲಿದೆ. ನೀರಿನಲ್ಲಿ ಕರಗುವ ಆ ಪುಡಿ ಹೊರಬರದಿರಲಿ ಎಂದು ಸುತ್ತಲಿನ ನೆಲವನ್ನು ಹೆಪ್ಪುಗಟ್ಟಿಸಿ ಇಡುವ ಕೆಲಸ ನಡೆದಿದೆ.

ಹುರಿಯುವ ಬದಲು ಬ್ಯಾಕ್ಟೀರಿಯಾ ಬಿಡುವ ವಿಧಾನ 1986ರಲ್ಲಿ ದಕ್ಷಿಣ ಆಫ್ರಿಕಾದ ಫೇರ್‌ವ್ಯೂ ಗಣಿಯಲ್ಲಿ ಶುರುವಾಯಿತು. ದೊಡ್ಡ ಟ್ಯಾಂಕಿನಲ್ಲಿ ಅದಿರಿನ ಪುಡಿ, ನೀರು, ಬ್ಯಾಕ್ಟೀರಿಯಾ. ಕೆಳಗಿನಿಂದ ಗಾಳಿ ಊದುತ್ತಾರೆ, ಸುಮಾರು 40 ಡಿಗ್ರಿ ಬಿಸಿ ಕಾಯ್ದುಕೊಳ್ಳುತ್ತಾರೆ. ಕೆಲವು ದಿನಗಳಲ್ಲಿ ಖನಿಜ ಒಡೆದು ಚಿನ್ನ ಹೊರಬರುತ್ತದೆ. ಕರಗಿದ ಆರ್ಸೆನಿಕ್‌ಗೆ ಸುಣ್ಣ ಹಾಕಿದರೆ ಕಬ್ಬಿಣದ ಜೊತೆ ಸೇರಿ ಗಟ್ಟಿಯಾಗಿ ಕೆಳಗೆ ಕೂರುತ್ತದೆ. ನಮ್ಮಲ್ಲೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಎ. ನಟರಾಜನ್ ಮತ್ತು ಜೊತೆಗಾರರು ಚಿತ್ರದುರ್ಗದ ಜಿ.ಆರ್. ಹಳ್ಳಿಯ ಚಿನ್ನದ ಅದಿರಿನ ಮೇಲೆ ಈ ವಿಧಾನವನ್ನು ಅಧ್ಯಯನ ಮಾಡಿದ್ದಾರೆ.

## ಕುಡಿಯುವ ನೀರಿಗೆ ಏನು ಉಪಯೋಗ?

ಒಂದು ಉಪಯೋಗ ಪತ್ತೆಗೆ. ಡಿಎನ್‌ಎ ಮೇಲಿನ ಕಾವಲು ಪ್ರೋಟೀನನ್ನು ನೆನಪಿಸಿಕೊಳ್ಳಿ. ಅದು ಎದ್ದಾಗ ಪಂಪಿನ ಬದಲು ಬೆಳಕು ಕೊಡುವ ಜೀನ್ ಕೆಲಸ ಮಾಡುವಂತೆ ಜೋಡಿಸಿದರೆ, ನೀರಿನಲ್ಲಿ ಆರ್ಸೆನಿಕ್ ಇದ್ದರೆ ಬ್ಯಾಕ್ಟೀರಿಯಾ ಮಿನುಗುತ್ತದೆ. ಸ್ವಿಟ್ಜರ್‌ಲ್ಯಾಂಡಿನ ಸಂಶೋಧಕರು ಹೀಗೆ ಮಾಡಿದ ಇ. ಕೊಲೈಯಿಂದ ವಿಯೆಟ್ನಾಂನ ಬಾವಿಗಳ ನೀರನ್ನು ಪರೀಕ್ಷೆ ಮಾಡಿದ್ದಾರೆ.

ಇನ್ನೊಂದು ಶುದ್ಧೀಕರಣಕ್ಕೆ. ಕಬ್ಬಿಣ ಬಳಸುವ ಫಿಲ್ಟರ್‌ಗಳು ಆರ್ಸೆನೇಟನ್ನು ಚೆನ್ನಾಗಿ ಹಿಡಿಯುತ್ತವೆ. ಆರ್ಸೆನೈಟ್‌ಗೆ ಸಾಮಾನ್ಯವಾಗಿ ನೀರಿನಲ್ಲಿ ವಿದ್ಯುದಂಶ ಇರುವುದಿಲ್ಲ, ಅದು ನುಸುಳಿಕೊಂಡು ಹೋಗುತ್ತದೆ. ಆರ್ಸೆನೈಟನ್ನು ಆರ್ಸೆನೇಟ್ ಮಾಡುವ ಬ್ಯಾಕ್ಟೀರಿಯಾ ಇಲ್ಲಿ ನೆರವಿಗೆ ಬರಬಹುದು. ಅಂಥದ್ದು ಮೊದಲು ಸಿಕ್ಕಿದ್ದು 1918ರಲ್ಲಿ, ದಕ್ಷಿಣ ಆಫ್ರಿಕಾದಲ್ಲಿ ಉಣ್ಣಿ ಹುಳು ಸಾಯಲೆಂದು ದನಗಳನ್ನು ಆರ್ಸೆನಿಕ್ ನೀರಿನಲ್ಲಿ ಮುಳುಗಿಸುತ್ತಿದ್ದ ತೊಟ್ಟಿಯಲ್ಲಿ.

ಮನೆಯಲ್ಲಿ ಕೇಳಬಹುದಾದ ಪ್ರಶ್ನೆ: ನೀರು ಕುದಿಸಿದರೆ ಆರ್ಸೆನಿಕ್ ಹೋಗುತ್ತದೆಯೇ? ಇಲ್ಲ. ಕುದಿಸಿದರೆ ರೋಗ ತರುವ ಬ್ಯಾಕ್ಟೀರಿಯಾ ಸಾಯುತ್ತವೆ, ಆರ್ಸೆನಿಕ್ ಉಳಿಯುತ್ತದೆ. ನೀರು ಆವಿಯಾದಷ್ಟೂ ಅದರ ಪ್ರಮಾಣ ಸ್ವಲ್ಪ ಹೆಚ್ಚೇ ಆಗುತ್ತದೆ. ಬಣ್ಣ, ವಾಸನೆ, ರುಚಿ ಯಾವುದರಿಂದಲೂ ಗೊತ್ತಾಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಟಿಡಿಎಸ್ ಮೀಟರ್ ಕೂಡ ಹೇಳುವುದಿಲ್ಲ, ಯಾಕೆಂದರೆ ಅದು ಅಳೆಯುವುದು ಒಟ್ಟು ಕರಗಿದ ಲವಣವನ್ನು. ಕೆಡುಕು ಮಾಡುವಷ್ಟು ಆರ್ಸೆನಿಕ್ ಅದರ ಮುಂದೆ ಲೆಕ್ಕಕ್ಕೇ ಬಾರದಷ್ಟು ಸಣ್ಣದು. ಚಿನ್ನದ ಗಣಿ ಪ್ರದೇಶದ ಬೋರ್‌ವೆಲ್ ನೀರು ಕುಡಿಯುವವರು ನೀರನ್ನು ಪ್ರಯೋಗಾಲಯಕ್ಕೆ ಕೊಡುವಾಗ ಆರ್ಸೆನಿಕ್ ಪರೀಕ್ಷೆ ಎಂದು ಬಿಡಿಸಿ ಹೇಳಿ ಮಾಡಿಸಬೇಕು. ಲೀಟರಿಗೆ 0.01 ಮಿಲಿಗ್ರಾಂಗಿಂತ ಜಾಸ್ತಿ ಬಂದರೆ ಆ ನೀರನ್ನು ಕುಡಿಯಲು, ಅಡುಗೆಗೆ ಬಳಸಬಾರದು. ಮೈ ತೊಳೆಯಲು, ಬಟ್ಟೆ ಒಗೆಯಲು ಬಳಸಿದರೆ ಅಪಾಯ ಬಹಳ ಕಡಿಮೆ, ಏಕೆಂದರೆ ಆರ್ಸೆನಿಕ್ ಚರ್ಮದ ಮೂಲಕ ಒಳಗೆ ಹೋಗುವುದು ತೀರಾ ಅಲ್ಪ.